ಜಗಳವಿಲ್ಲದ ಕಟ್ಟಡ

ಮನೆ ಕಟ್ಟುವ ಕಡೆಯಿಂದ ಜಗಳ ಕೇಳಿಸುತ್ತಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ಅರ್ಥ. ಮೇಸ್ತ್ರಿ ಪ್ಲಂಬರನ್ನು ಬೈಯಬೇಕು, ಪ್ಲಂಬರು ಕರೆಂಟಿನವನನ್ನು ಬೈಯಬೇಕು, ಕರೆಂಟಿನವನು ಬಡಗಿಯನ್ನು ಬೈಯಬೇಕು, ಬಡಗಿ ಆ ಮೂವರನ್ನೂ ಸೇರಿಸಿ ಬೈದು ಒಂದು ಬೀಡಿ ಹಚ್ಚಬೇಕು. ಯಜಮಾನನಾದವನು ನಡುವೆ ನಿಂತು ತಲೆ ಚಚ್ಚಿಕೊಳ್ಳಬೇಕು. ನಮ್ಮ ಬೀದಿಯ ಮನೆಗಳೆಲ್ಲ ಎದ್ದು ನಿಂತದ್ದು ಈ ಕ್ರಮದಲ್ಲಿಯೇ. ನನ್ನ ಮನೆಯ ಅಡುಗೆಮನೆಯ ನಲ್ಲಿ ಇವತ್ತಿಗೂ ತೊಟ್ಟಿಯ ಕಡೆ ಬಿಟ್ಟು ಕಿಟಕಿಯ ಕಡೆ ತಿರುಗಿಕೊಂಡಿದೆ. ಅದು ಆ ಕಾಲದ ಒಂದು ಒಳ್ಳೆಯ ಜಗಳದ ಗುರುತು.

ಹೀಗಿರುವಾಗ, ಪಕ್ಕದ ಮನೆಯಲ್ಲಿ ಕೆಲಸ ಶುರುವಾಗಿ ಒಂದು ವಾರ ಕಳೆದರೂ ಒಂದೇ ಒಂದು ಬೈಗುಳ ಕೇಳಿಸಲಿಲ್ಲವೆಂದರೆ ಯಾರಿಗಾದರೂ ಏನನ್ನಿಸಬೇಕು? ನಾನು ಕಾಂಪೌಂಡ್ ಗೋಡೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ. ಪಕ್ಕದ ಮನೆಯ ಉಸಾಬರಿ ನಿಮಗ್ಯಾಕೆ ಎಂದು ನನ್ನ ಹೆಂಡತಿ ಕೇಳಿದಳು. ಉಸಾಬರಿ ಏನೂ ಇಲ್ಲ, ಅವರ ಧೂಳು ನಮ್ಮ ಒಗೆದ ಬಟ್ಟೆಯ ಮೇಲೆ ಬೀಳುತ್ತಿದೆ, ಅದನ್ನು ಗಮನಿಸುತ್ತಿದ್ದೇನೆ ಎಂದೆ.

ಪಕ್ಕದ ಮನೆಯವರನ್ನು ಬೀದಿಯಲ್ಲಿ ಎಲ್ಲರೂ ತಕ್ಕಡಿ ಸಾಹೇಬರು ಎನ್ನುತ್ತಾರೆ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ತಕ್ಕಡಿಯ ತಟ್ಟೆಯ ಅಡಿಗೆ ಅಂಟಿಸಿದ ಸೀಸ, ಒಳಗೆ ಟೊಳ್ಳು ಮಾಡಿದ ತೂಕದ ಕಲ್ಲು, ತಳ ಉಬ್ಬಿಸಿದ ಲೀಟರು, ಇವನ್ನು ಹುಡುಕಿ ಹಿಡಿಯುವುದು ಅವರ ಕೆಲಸ. ಇಡೀ ಆಯುಷ್ಯ ಮೋಸ ಹುಡುಕಿದವರಿಗೆ ಮೋಸ ಇಲ್ಲದ ಕಡೆ ಉಸಿರು ಕಟ್ಟುತ್ತದೆ. ಹಾಲಿನವನು ಒಂದು ತೊಟ್ಟು ಹೆಚ್ಚು ಹಾಕಿದರೆ ಅವನನ್ನು ನಿಲ್ಲಿಸಿ "ಯಾಕೆ?" ಎಂದು ಕೇಳುವ ಮನುಷ್ಯ. ಹೆಂಡತಿ ನಗುನಗುತ್ತಾ ಕಾಫಿ ತಂದುಕೊಟ್ಟರೆ, ಲೋಟ ಕೆಳಗಿಟ್ಟು, "ಏನು ಒಡೆದು ಹೋಯ್ತು?" ಎನ್ನುತ್ತಾರೆ.

ಇಂಥವರು ಮನೆಯೊಳಗೆ ಕೆಲಸದವರನ್ನು ಬಿಟ್ಟುಕೊಂಡದ್ದಕ್ಕೆ ಕಾರಣ ಅವರ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ತಮ್ಮನನ್ನು ಸಾಕಿ, ಓದಿಸಿ, ಇನ್ಸ್‌ಪೆಕ್ಟರು ಮಾಡಿದ ಹೆಂಗಸು. ಒಂಟಿಯಾಗಿದ್ದವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ಇನ್ನು ಗಾಲಿಕುರ್ಚಿಯೇ ಗತಿ, ಮೆಟ್ಟಿಲು ಹತ್ತುವ ಮಾತೇ ಇಲ್ಲ ಎಂದಿದ್ದರು ಡಾಕ್ಟರು. ತಕ್ಕಡಿ ಸಾಹೇಬರ ಸಂಸಾರ ಇರುವುದು ಮಹಡಿಯ ಮೇಲೆ. ಕೆಳಗಿದ್ದದ್ದು ಸಾಮಾನು ತುಂಬಿದ ಗ್ಯಾರೇಜು. ಅದನ್ನೇ ಅಕ್ಕನಿಗೆ ಒಂದು ಕೋಣೆ, ಒಂದು ಬಚ್ಚಲು ಮಾಡಬೇಕು. ತಿಂಗಳ ಕೊನೆಯ ಶನಿವಾರಕ್ಕೆ ಹಾಸಿಗೆ ಖಾಲಿ ಮಾಡಬೇಕು, ಅಷ್ಟರೊಳಗೆ ಜಾಗ ರೆಡಿ ಇಲ್ಲದಿದ್ದರೆ ಊರಾಚೆಯ ಆಶ್ರಯ ಮಂದಿರಕ್ಕೆ ಕಳಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ಆ ಮಂದಿರಕ್ಕೆ ಹೋದವರು ವಾಪಸ್ ಬಂದದ್ದನ್ನು ನಾವ್ಯಾರೂ ನೋಡಿಲ್ಲ. ಅಕ್ಕ ತಮ್ಮನ ಕೈ ಹಿಡಿದುಕೊಂಡು, "ಲೋ, ನನ್ನ ಅಲ್ಲಿಗೆ ಮಾತ್ರ ಹಾಕ್ಬೇಡ್ವೋ" ಎಂದು ಅತ್ತಿದ್ದರಂತೆ. ಇದನ್ನು ಹೇಳುವಾಗ ತಕ್ಕಡಿ ಸಾಹೇಬರೂ ಅತ್ತರು. ಅತ್ತು, ಕಣ್ಣೊರೆಸಿಕೊಂಡು, ನಾನು ಕೊಟ್ಟ ನೀರನ್ನು ಮೂಸಿ ನೋಡಿ ಕುಡಿದರು.

ಕೆಲಸದ ಉಸ್ತುವಾರಿ ವಹಿಸಿಕೊಂಡವಳು ಅವರ ಹೆಂಡತಿಯ ಅಣ್ಣನ ಮಗಳು, ವರಸೆಯಲ್ಲಿ ಸೊಸೆ. ದೊಡ್ಡ ದೊಡ್ಡ ಕಟ್ಟಡ ಕಟ್ಟುವ ಕಡೆ ಇಂಜಿನಿಯರು. ಮೊದಲ ದಿನವೇ ಮೇಸ್ತ್ರಿ, ಪ್ಲಂಬರು, ಕರೆಂಟಿನವನು, ಬಡಗಿ, ನಾಲ್ವರನ್ನೂ ಒಟ್ಟಿಗೆ ಕರೆಸಿ ಗ್ಯಾರೇಜಿನ ಉದ್ದ ಗೋಡೆಯ ಮುಂದೆ ಸ್ಟೂಲು ಹಾಕಿ ಕೂರಿಸಿದಳು. ಒಬ್ಬೊಬ್ಬರ ಕೈಗೂ ಒಂದೊಂದು ಬಣ್ಣದ ಅಂಟುಚೀಟಿಗಳ ಕಟ್ಟು ಕೊಟ್ಟಳು. ಆಮೇಲೆ ಗೋಡೆಯ ಬಲಗಡೆಗೆ ತಾನೇ ಒಂದು ಕೆಂಪು ಚೀಟಿ ಅಂಟಿಸಿದಳು. ಅದರ ಮೇಲೆ ಬರೆದಿತ್ತು: ಅಕ್ಕ ಒಳಗೆ ಬರುವುದು.

"ಇದು ಕೊನೆಯ ಶನಿವಾರ. ಅದಕ್ಕೆ ಹಿಂದಿನ ದಿನ ಏನಾಗಿರ್ಬೇಕು, ಹೇಳಿ."

"ಬಾಗಿಲಿನ ಪಾಲಿಶ್ ಒಣಗಿರ್ಬೇಕಮ್ಮ," ಎಂದ ಬಡಗಿ.

"ಅಂಟಿಸಿ. ಅದಕ್ಕೂ ಹಿಂದೆ?"

ಮೇಸ್ತ್ರಿ ತಲೆಯ ವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡ. "ಹಿಂದಿನಿಂದ ಮುಂದಕ್ಕೆ ಕಟ್ಟೋದನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ. ಹಾಗಾದ್ರೆ ಮೊದ್ಲು ಸುಣ್ಣ ಹೊಡೆದು ಆಮೇಲೆ ಗೋಡೆ ಎಬ್ಬಿಸ್ಲಾ?"

"ಮೇಸ್ತ್ರಿಗಳೇ, ನಿಮ್ಮ ಗಾರೆ ಒಣಗೋಕೆ ಮುಂಚೆ ಇವರು ಬಾಗಿಲು ಕೂರಿಸಿದ್ರೆ ಏನಾಗುತ್ತೆ?"

"ಏನಾಗುತ್ತೆ, ಉಬ್ಬಿಕೊಳ್ಳುತ್ತೆ. ಬೈಸಿಕೊಳ್ಳೋದು ನಾನು."

"ಅದನ್ನ ಇವತ್ತೇ ಇವರ ಮುಖ ನೋಡಿ ಹೇಳಿ. ಅಷ್ಟೇ ಈ ಚೀಟಿಯ ಕೆಲಸ."

ನಿಯಮಗಳು ಸರಳವಾಗಿದ್ದವು. ಯಾರಿಗೆ ಯಾರಿಂದ ಏನು ಬೇಕೋ ಬಾಯಿಬಿಟ್ಟು ಕೇಳಬೇಕು. ಆಗುವುದಕ್ಕೆ ಆಗುತ್ತದೆ, ಆಗದ್ದಕ್ಕೆ ಆಗುವುದಿಲ್ಲ ಎನ್ನಬೇಕು. ಒಬ್ಬರ ಕೆಲಸದ ಮೇಲೆ ಇನ್ನೊಬ್ಬರಿಗೆ ಅನುಮಾನ ಬಂದರೆ ಬೆನ್ನ ಹಿಂದೆ ಆಡಿಕೊಳ್ಳದೆ ಪ್ರತಿ ಶನಿವಾರ ಗೋಡೆಯ ಮುಂದೆ ಸೇರಿದಾಗ ಹೇಳಬೇಕು. ಆ ಅನುಮಾನಕ್ಕೂ ಒಂದು ಚೀಟಿ. ಪರೀಕ್ಷೆ ಮಾಡಿ, ಇದ್ದರೆ ಸರಿಮಾಡಿ, ಮುಂದಕ್ಕೆ ಹೋಗುವುದು. ಬೈಗುಳ ಇಲ್ಲ.

ಬೈಗುಳ ಇಲ್ಲ ಎಂದಾಗ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಅದೇ ಭಾಷೆಯಲ್ಲಿ ಮಾತಾಡಿದವರು. ಆದರೆ ಆಶ್ಚರ್ಯವೆಂದರೆ ವಾರದೊಳಗೆ ಅಭ್ಯಾಸವಾಗಿಬಿಟ್ಟಿತು. ಪ್ಲಂಬರು ಪೈಪು ಹಾಕುವವರೆಗೆ ಮೇಸ್ತ್ರಿ ಕಾದು ನಿಂತ. ಬಡಗಿ ತನ್ನ ಏಣಿಯನ್ನು ಕರೆಂಟಿನವನಿಗೆ ಕೊಟ್ಟ. "ನೀವು ಮುಗಿಸ್ಕೊಳ್ಳಿ ಅಣ್ಣ," "ಅಯ್ಯೋ ಪರವಾಗಿಲ್ಲ, ಮೊದ್ಲು ನಿಮ್ದಾಗ್ಲಿ," ಎಂಬ ಮಾತುಗಳು ಗೋಡೆ ದಾಟಿ ನನ್ನ ಕಿವಿಗೆ ಬಿದ್ದಾಗ ನನಗೇ ಮೈ ಜುಮ್ಮೆಂದಿತು. ಚಹಾ ಹೊತ್ತಿಗೆ ನಾಲ್ವರೂ ಮರಳಿನ ರಾಶಿಯ ಮೇಲೆ ಕೂತು ಒಂದೇ ಪೊಟ್ಟಣದ ಬಿಸ್ಕತ್ತು ತಿನ್ನುತ್ತಿದ್ದರು. ನಗುತ್ತಿದ್ದರು ಬೇರೆ!

ಆ ನಗು ತಕ್ಕಡಿ ಸಾಹೇಬರಿಗೆ ನಾಟಿತು. ಒಂದು ಸಂಜೆ ನಮ್ಮ ಗೇಟಿನ ಹತ್ತಿರ ಬಂದು, ಆಚೆ ಈಚೆ ನೋಡಿ, ಪಿಸುಗುಟ್ಟಿದರು.

"ಒಂದಾಗಿದ್ದಾರೆ ಕಣ್ರೀ."

"ಯಾರು?"

"ನಾಲ್ಕೂ ಜನ. ಒಂದು ಅಂಗಡಿ ಬೀದಿಗೆ ಹೋಗಿ ನಾಲ್ಕು ತಕ್ಕಡಿ ಪರೀಕ್ಷೆ ಮಾಡಿದಾಗ ನಾಲ್ಕೂ ಒಂದೇ ತೂಕ ತೋರಿಸಿದ್ರೆ ಏನರ್ಥ ಹೇಳಿ?"

"ನಾಲ್ಕೂ ಸರಿಯಾಗಿವೆ ಅಂತ."

ಅವರು ನನ್ನನ್ನು ಮರುಕದಿಂದ ನೋಡಿದರು. "ನಾಲ್ಕನ್ನೂ ಒಬ್ಬನೇ ಕೆಡಿಸಿದ್ದಾನೆ ಅಂತ. ಸ್ವಾಮೀ, ಇಷ್ಟು ದಿನದಲ್ಲಿ ಒಬ್ಬನಾದ್ರೂ ನನ್ನ ಹತ್ರ ಬಂದು ಇನ್ನೊಬ್ಬನ ಮೇಲೆ ಚಾಡಿ ಹೇಳಿಲ್ಲ. ಚಾಡಿ ಇಲ್ದೆ ನನಗೆ ಒಳಗಿನ ವಿಷಯ ಗೊತ್ತಾಗೋದು ಹೇಗೆ? ಸಿಮೆಂಟು ಕಮ್ಮಿ ಹಾಕಿದ್ರೆ ಪ್ಲಂಬರ್ ಬಂದು ಹೇಳ್ಬೇಕು. ಪೈಪು ಕಳಪೆ ಆದ್ರೆ ಮೇಸ್ತ್ರಿ ಹೇಳ್ಬೇಕು. ಅದಕ್ಕೇ ಅಲ್ವಾ ನಾವು ಬೇರೆ ಬೇರೆ ಜನ ಇಟ್ಕೊಳ್ಳೋದು? ನನ್ನ ಅಕ್ಕನ ತಲೆ ಮೇಲೆ ಚಾವಣಿ ಬಿದ್ರೆ ಏನ್ರೀ ಗತಿ?"

ಅಕ್ಕನ ಹೆಸರೆತ್ತಿದ ಮೇಲೆ ನಾನೇನು ಹೇಳಲಿ? ನಿಜ ಹೇಳಬೇಕೆಂದರೆ ಅವರ ಮಾತಿನಲ್ಲಿ ತೂಕವಿದೆ ಎಂದೇ ನನಗೆ ಅನ್ನಿಸಿತು. "ಅವರನ್ನ ಹೇಗಾದ್ರೂ ಬೇರೆ ಮಾಡ್ಬೇಕು," ಎಂದರು. "ಮಾಡಿ," ಎಂದೆ. ಹೀಗೆ ಈ ಪಾಪದಲ್ಲಿ ನನಗೂ ಒಂದು ಚೂರು ಪಾಲಿದೆ. ತೀರ ಚಿಕ್ಕ ಚೂರು.

ಮರುದಿನ ಅವರು ಪ್ಲಂಬರನ್ನು ಮೂಲೆಗೆ ಕರೆದರು. "ನಾನು ಹೇಳಿದೆ ಅನ್ಬೇಡಪ್ಪ. ಮೇಸ್ತ್ರಿ ಹೇಳ್ತಿದ್ರು, ನಿನ್ನ ಪೈಪು ಒಂದು ತಿಂಗಳಲ್ಲಿ ಸೋರುತ್ತೆ ಅಂತ."

ಹೇಳಿ, ಮಹಡಿಯ ಮೆಟ್ಟಿಲ ಮೇಲೆ ನಿಂತು ಕಾದರು. ಯಾವ ಪ್ಲಂಬರಿಗಾದರೂ ರಕ್ತ ಕುದಿಯುವ ಮಾತು. ಆದರೆ ಈ ಮಹಾರಾಯ ಶನಿವಾರದವರೆಗೆ ಸುಮ್ಮನಿದ್ದು, ಗೋಡೆಯ ಮುಂದೆ ಎದ್ದು ನಿಂತು, "ನನ್ನ ಪೈಪಿನ ಬಗ್ಗೆ ನಮ್ಮಲ್ಲಿ ಒಬ್ಬರಿಗೆ ಅನುಮಾನ ಇದೆ. ಯಾರು ಅಂತ ಬೇಡ. ನೀರು ತುಂಬಿಸಿ ಎರಡು ದಿನ ಬಿಟ್ಟು ನೋಡೋಣ. ಅಲ್ಲೀವರೆಗೆ ಗಾರೆ ಬೇಡ," ಎಂದು ಒಂದು ನೀಲಿ ಚೀಟಿ ಅಂಟಿಸಿದ.

"ತುಂಬಾ ಒಳ್ಳೇದು," ಎಂದಳು ಸೊಸೆ. ಮೇಸ್ತ್ರಿ ಅವನ ಬೆನ್ನು ತಟ್ಟಿದ. ಎಲ್ಲ ಚೀಟಿಗಳೂ ಎರಡು ದಿನ ಬಲಕ್ಕೆ ಸರಿದವು, ಕೊನೆಯ ಕೆಂಪು ಚೀಟಿಯೂ ಸರಿಯಿತು. ನೀರು ಒಂದು ಹನಿಯೂ ಸೋರಲಿಲ್ಲ.

ತಕ್ಕಡಿ ಸಾಹೇಬರ ಅನುಮಾನ ಇಮ್ಮಡಿಯಾಯಿತು. ಅಷ್ಟು ಹೇಳಿದರೂ ಜಗಳವಾಡುವುದಿಲ್ಲ ಎಂದರೆ ಒಳಗೊಳಗೇ ಏನೋ ದೊಡ್ಡದೇ ನಡೆಯುತ್ತಿದೆ! ಈ ಸಲ ಕರೆಂಟಿನವನ ಕಿವಿ ಕಚ್ಚಿದರು: ನಿನ್ನ ಸ್ವಿಚ್ಚು ಬಾಗಿಲ ಹಿಂದೆ ಅಡಗಿಹೋಗುತ್ತೆ ಎಂದು ಬಡಗಿ ನಗುತ್ತಿದ್ದ. ಕರೆಂಟಿನವನು ನೊಂದುಕೊಂಡ, ಪಾಪ. ಆದರೆ ಅವನೂ ಚೀಟಿಯನ್ನೇ ಅಂಟಿಸಿದ. ಸ್ವಿಚ್ಚು ಎದುರು ಗೋಡೆಗೆ ಹೋಯಿತು, ಅದಕ್ಕಾಗಿ ಗೋಡೆ ಕೊರೆದದ್ದಾಯಿತು, ಕೊರೆದದ್ದನ್ನು ಮೇಸ್ತ್ರಿ ಮುಚ್ಚಿದ್ದಾಯಿತು. ಮೇಸ್ತ್ರಿಗೆ ಸಾಹೇಬರು ಹೇಳಿದ್ದು ಬಚ್ಚಲ ನೆಲದ ಇಳಿಜಾರು ಉಲ್ಟಾ ಆಗಿದೆಯೆಂದು ಪ್ಲಂಬರು ಆಡಿಕೊಳ್ಳುತ್ತಿದ್ದಾನೆ ಎಂದು. ಮೇಸ್ತ್ರಿ ಕೊಡಗಟ್ಟಲೆ ನೀರು ಸುರಿದು, ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ, ನೀರು ಎತ್ತ ಹರಿಯುತ್ತದೆ ಎಂದು ನೋಡಿದ. ನೀರು ಎತ್ತ ಹರಿಯಬೇಕೋ ಅತ್ತಲೇ ಹರಿಯಿತು. ಆದರೂ ಅವನಿಗೆ ಸಮಾಧಾನವಾಗದೆ ಒಂದಷ್ಟು ನೆಲ ಒಡೆದು ಮತ್ತೆ ಹಾಕಿದ. ಬಡಗಿಗೆ ಏನು ಹೇಳಿದರೋ ಗೊತ್ತಿಲ್ಲ, ಅವನು ಹೊಸ ಕಿಟಕಿಯನ್ನು ಕಿತ್ತು, ತಿರುಗಿಸಿ ನೋಡಿ, ಅದೇ ಜಾಗಕ್ಕೆ ವಾಪಸ್ ಕೂರಿಸಿದ.

ಪ್ರತಿ ಸಲವೂ ಕೆಂಪು ಚೀಟಿ ಬಲಕ್ಕೆ ಸರಿಯುತ್ತಾ ಹೋಯಿತು. ಗೋಡೆ ಮುಗಿದ ಮೇಲೆ ಕಿಟಕಿಯ ಗಾಜಿಗೆ ಹತ್ತಿತು. ಅಕ್ಕ ಒಳಗೆ ಬರುವ ಚೀಟಿ ಹೊರಗೆ ನೋಡುತ್ತಾ ನಿಂತಿತು.

"ಯಾಕಿಷ್ಟು ತಡ ಆಗ್ತಿದೆ?" ಎಂದು ತಕ್ಕಡಿ ಸಾಹೇಬರು ನನ್ನ ಹತ್ತಿರ ಹಲ್ಲು ಕಡಿದರು. "ನಾನು ಹೇಳಿರ್ಲಿಲ್ವಾ? ಬೇಕೂಂತ ಮಾಡ್ತಿದ್ದಾರೆ. ನನ್ನ ಅಕ್ಕನ್ನ ಬೀದಿಗೆ ಹಾಕ್ತಾರೆ ಇವರು."

ಕೊನೆಯ ಶನಿವಾರಕ್ಕೆ ಇನ್ನೊಂದೇ ವಾರ ಇರುವಾಗ ಆಸ್ಪತ್ರೆಯ ನರ್ಸಮ್ಮ ಜಾಗ ನೋಡಲು ಬಂದರು. ದೊಡ್ಡ ಕೊಡೆ, ಗಟ್ಟಿ ಗಂಟಲು. ಗೋಡೆಯ ಸಭೆ ನಡೆಯುತ್ತಿದ್ದ ಹೊತ್ತು. ನಾನೂ ಧೂಳಿನ ವಿಚಾರ ಮಾತಾಡಲೆಂದು ಅಲ್ಲೇ ಇದ್ದೆ. ನರ್ಸಮ್ಮ ಕೋಣೆಯನ್ನೆಲ್ಲ ಸುತ್ತಿ ಬಂದು ಕೊಡೆಯ ತುದಿಯಿಂದ ಕೆಂಪು ಚೀಟಿ ತೋರಿಸಿದರು.

"ಇದ್ಯಾಕೆ ಕಿಟಕಿ ಮೇಲಿದೆ?"

"ಗೋಡೆ ಸಾಲಲಿಲ್ಲ," ಎಂದ ಬಡಗಿ.

"ಇಷ್ಟೊಂದು ಪರೀಕ್ಷೆ ಯಾಕೆ? ನಮ್ಮ ಆಪರೇಷನ್ ಥಿಯೇಟರಲ್ಲೂ ಇಷ್ಟು ನೋಡಲ್ಲ. ಈ ನೀಲಿ ಚೀಟಿ, ಪೈಪಿಂದು, ಯಾರ ಅನುಮಾನ?"

ಪ್ಲಂಬರು ಸಂಕೋಚದಿಂದ ಮೇಸ್ತ್ರಿಯ ಕಡೆ ನೋಡಿದ. "ಇವರದ್ದು. ಇರ್ಲಿ ಬಿಡಿ, ಒಳ್ಳೇದಕ್ಕೇ ಹೇಳಿದ್ರು."

"ನಂದಾ?" ಮೇಸ್ತ್ರಿ ಕಣ್ಣರಳಿಸಿದ. "ನಾನ್ಯಾವಾಗಯ್ಯಾ ಹೇಳ್ದೆ? ನನ್ನ ನೆಲ ಉಲ್ಟಾ ಅಂತ ಅಂದವನು ನೀನು!"

"ನಾನಾ? ನಿಮ್ಮ ನೆಲದ ಬಗ್ಗೆ ನಾನು ಯಾಕೆ ಹೇಳ್ಲಿ?"

"ಸ್ವಿಚ್ಚಿನ ಮಾತು ಬಡಗಿ ಅಣ್ಣ ಹೇಳಿದ್ದು ತಾನೇ?" ಎಂದ ಕರೆಂಟಿನವನು.

"ನನ್ನಾಣೆಗೂ ಇಲ್ಲ! ನನ್ನ ಕಿಟಕಿ ತಲೆಕೆಳಗಾಗಿದೆ ಅಂತ ನೀನು ಆಡಿಕೊಂಡೆಯಂತಲ್ಲ!"

ಸೊಸೆ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಳು. "ಒಬ್ಬೊಬ್ಬರಾಗಿ ಹೇಳಿ. ನಿಮಗೆ ಇದನ್ನ ತಂದು ಹೇಳಿದ್ದು ಯಾರು?"

ನಾಲ್ವರೂ ನಿಧಾನವಾಗಿ ತಿರುಗಿ ಒಂದೇ ಕಡೆ ನೋಡಿದರು. ತಕ್ಕಡಿ ಸಾಹೇಬರು ಚಾವಣಿಯನ್ನು ಪರೀಕ್ಷಿಸುತ್ತಿದ್ದರು. ನಾನು ನನ್ನ ಚಪ್ಪಲಿ ಹುಡುಕಿಕೊಂಡೆ.

"ಮಾವಾ?" ಎಂದಳು ಸೊಸೆ.

"ನೀವು ಜಗಳ ಆಡ್ತಾನೇ ಇರ್ಲಿಲ್ಲ," ಎಂದರು ಸಾಹೇಬರು. ಅವರ ದನಿ ಚಿಕ್ಕ ಹುಡುಗನ ದನಿಯ ಹಾಗಿತ್ತು. "ಜಗಳ ಆಡದೇ ಇದ್ರೆ ನನಗೆ ಭಯ ಆಗಲ್ವಾ?"

ಅವರು ಬಯಸಿದ್ದ ಜಗಳ ಆಗ ಶುರುವಾಯಿತು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ವಾರಗಟ್ಟಲೆ ತಡೆದಿಟ್ಟುಕೊಂಡಿದ್ದ ಬೈಗುಳಗಳೆಲ್ಲ ಹೊರಬಿದ್ದವು. ಆದರೆ ನಾಲ್ಕೂ ಬಾಯಿ ಒಬ್ಬರನ್ನೇ ಬೈಯುತ್ತಿದ್ದವು. ಕೆನ್ನೆ ಸವೆಯುವವರೆಗೆ ನೆಲದ ಮೇಲೆ ಮಲಗಿದ್ದೆನಲ್ಲ ಎಂದು ಮೇಸ್ತ್ರಿ ಕರಣೆಯನ್ನು ನೆಲಕ್ಕೆ ಎಸೆದ. "ನಾಳೆಯಿಂದ ನಾನು ಬರಲ್ಲ. ನಿಮ್ಮ ಮನೆ, ನಿಮ್ಮ ಅನುಮಾನ, ನೀವೇ ಕಟ್ಕೊಳ್ಳಿ!" ಅವನ ಹಿಂದೆ ಮೂವರೂ ಹೊರಟರು. ಬಡಗಿ ತನ್ನ ಏಣಿಯನ್ನೂ ತೆಗೆದುಕೊಂಡು ಹೋದ. ಆ ಏಣಿಯ ಮೇಲೆ ಕರೆಂಟಿನವನು ಬಿಟ್ಟಿದ್ದ ಟೋಪಿಯೂ ಹೋಯಿತು.

ನರ್ಸಮ್ಮ ಕೊಡೆ ಬಿಚ್ಚಿದರು. "ಶನಿವಾರ ಬೆಳಿಗ್ಗೆ ಆಂಬುಲೆನ್ಸಲ್ಲಿ ಅಕ್ಕನ್ನ ಕರ್ಕೊಂಡೇ ಬರ್ತೀನಿ. ಗೇಟಲ್ಲಿ ನಿಲ್ಲಿಸಿ ಒಳಗೆ ಬಂದು ನೋಡ್ತೀನಿ. ರೆಡಿ ಇದ್ರೆ ಇಳಿಸ್ತೀನಿ. ಇಲ್ದಿದ್ರೆ ಗಾಡಿ ಹಾಗೇ ಊರಾಚೆಗೆ ಹೋಗುತ್ತೆ. ಆಮೇಲೆ ನನ್ನ ಬೈಬೇಡಿ."

ಆವತ್ತು ತಕ್ಕಡಿ ಸಾಹೇಬರನ್ನು ನೋಡಲಾಗುತ್ತಿರಲಿಲ್ಲ. ಮರಳಿನ ರಾಶಿಯ ಮೇಲೆ ಒಬ್ಬರೇ ಕೂತಿದ್ದರು. ಅವರ ಹೆಂಡತಿ ಮೇಲಿಂದ ಬಗ್ಗಿ, "ಸಾಕಿ ಬೆಳೆಸಿದ ಅಕ್ಕನ್ನ ಕೊನೇಗೆ ನೀವೇ ಅಲ್ಲಿಗೆ ಕಳಿಸಿದ ಹಾಗಾಯ್ತಲ್ರೀ!" ಎಂದು ಅತ್ತರು. ಅವರು ತಲೆಯೆತ್ತಲಿಲ್ಲ.

ಮರುದಿನ ಬೆಳಗಾಗುತ್ತಲೇ ಅವರು ಸೊಸೆಯನ್ನು ಕರೆದುಕೊಂಡು ನಾಲ್ವರ ಮನೆಗೂ ಹೋಗಿ ಬಂದರು. ಬಡಗಿ ಬಾಗಿಲನ್ನೇ ತೆರೆಯಲಿಲ್ಲವಂತೆ, ಕಿಟಕಿಯಿಂದಲೇ ಮಾತಾಡಿದನಂತೆ. ಕೊನೆಗೆ ಮೇಸ್ತ್ರಿಯ ಅಂಗಳದಲ್ಲಿ ನಾಲ್ವರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಅಕ್ಕನ ಮುಖ ನೋಡಿ ಬರುತ್ತೇವೆ, ಆದರೆ ಎರಡು ಷರತ್ತು. ಒಂದು, ಕೆಲಸ ಮುಗಿಯುವವರೆಗೆ ಸಾಹೇಬರು ಬಾಯಿ ಬಿಡಬಾರದು, ಒಂದು ಅಕ್ಷರವೂ ಕೂಡದು. ಆ ಬಾಯಿಂದ ಹಾಳಾದ ದಿನಗಳನ್ನು ಆ ಕೈಯಿಂದ ತುಂಬಿಸಲಿ, ಮರಳು ಹೊರಲಿ. ಎರಡು, ಇನ್ನು ಗೋಡೆಯ ಮೇಲೆ ಅನುಮಾನದ ಚೀಟಿ ಒಂದೂ ಬೇಡ. ಸಾಕಪ್ಪಾ ಸಾಕು. ಸೊಸೆ ಎರಡನೆಯದಕ್ಕೆ ಅಷ್ಟು ಮನಸ್ಸಿಲ್ಲದೆ ಒಪ್ಪಿದಳು.

ಮರುದಿನದಿಂದ ನಮ್ಮ ಬೀದಿ ಒಂದು ವಿಚಿತ್ರ ಕಂಡಿತು. ಇನ್ಸ್‌ಪೆಕ್ಟರು ರಜೆ ಹಾಕಿ, ಲುಂಗಿ ಮೇಲಕ್ಕೆ ಕಟ್ಟಿ, ಬಾಂಡಲಿಯಲ್ಲಿ ಮರಳು ಹೊರುತ್ತಿದ್ದಾರೆ. ಮಾತಾಡಿಸಿದರೆ ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ, ಕಣ್ಣು ಮಿಟುಕಿಸುತ್ತಾರೆ, ಹೋಗುತ್ತಾರೆ. ಹಾಲಿನವನು ಎರಡು ತೊಟ್ಟು ಹೆಚ್ಚು ಹಾಕಿದರೂ ಸುಮ್ಮನಿದ್ದರು. ಅವನು ಹೆದರಿ ಬೀದಿಯೆಲ್ಲ ಸಾರಿದ: "ಸಾಹೇಬ್ರಿಗೆ ಮಾತು ಬಿದ್ದುಹೋಗಿದೆ!"

ಮಧ್ಯಾಹ್ನದ ಹೊತ್ತಿಗೆ ಮಾತು ಬಿದ್ದದ್ದು ಲಕ್ವ ಆಯಿತು. ಸಂಜೆಯ ಹೊತ್ತಿಗೆ ಬಲಗಡೆ ಪೂರಾ ಹೋಗಿದೆಯಂತೆ ಎಂದಾಯಿತು. ಸೊಸೆಯ ಅಪ್ಪ, ಅಂದರೆ ಸಾಹೇಬರ ಭಾವಮೈದ, ಒಂದು ಚೀಲ ಹಣ್ಣು ಹಿಡಿದುಕೊಂಡು ಓಡಿ ಬಂದರು. ಮರಳು ಹೊತ್ತು ನಿಂತಿದ್ದವರನ್ನು ತಬ್ಬಿಕೊಂಡು, "ಭಾವಾ! ಈ ಸ್ಥಿತೀಲೂ ಕೆಲಸ ಮಾಡಿಸ್ತಿದ್ದಾರಲ್ಲ ಈ ಪಾಪಿಗಳು! ನನ್ನ ಗುರುತು ಸಿಕ್ತಾ? ಸಿಕ್ಕಿದ್ರೆ ತಲೆ ಆಡಿಸಿ!" ಎಂದು ಗೋಳಾಡಿದರು. ಸಾಹೇಬರು ತಲೆ ಆಡಿಸಿದರು. ಬಾಂಡಲಿಯ ಮರಳು ಭಾವಮೈದನ ತಲೆಯ ಮೇಲೆ ಸುರಿಯಿತು. "ಕೈಯಲ್ಲೂ ಸ್ವಾಧೀನ ಇಲ್ಲ," ಎಂದು ಅವರು ಕಣ್ಣೊರೆಸಿಕೊಳ್ಳುತ್ತಾ ಹೊರಟರು.

ಕೆಲಸ ಮಾತ್ರ ಕುದುರೆಯ ಹಾಗೆ ಓಡಿತು. ಕೆಂಪು ಚೀಟಿ ಕಿಟಕಿಯಿಂದ ಇಳಿದು ಮತ್ತೆ ಗೋಡೆಗೆ ಬಂತು. ಗುರುವಾರ ಸುಣ್ಣ, ಶುಕ್ರವಾರ ಬೆಳಿಗ್ಗೆ ಬಾಗಿಲು. ಬಚ್ಚಲ ಬಾಗಿಲು ನೋಡಿ ಬಡಗಿ ತಾನೇ ದೃಷ್ಟಿ ತೆಗೆದ.

ಶುಕ್ರವಾರ ಮಧ್ಯಾಹ್ನ ಸಾಹೇಬರು ಆಸ್ಪತ್ರೆಗೆ ಹೋಗಿ ಬಂದವರು ಬಚ್ಚಲ ಬಾಗಿಲ ಮುಂದೆ ನಿಂತುಬಿಟ್ಟರು. ಎರಡು ಕೈ ಚಾಚಿ ಚೌಕಟ್ಟಿನ ಅಗಲ ಹಿಡಿದರು. ಕೈಯನ್ನು ಹಾಗೇ ಗಟ್ಟಿಯಾಗಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಿಂದೆ ಬಂದು, ಕೈಯ ನಡುವಿನ ಗಾಳಿಯನ್ನೇ ನೋಡುತ್ತಾ ಬೆವೆತರು. ಮೇಸ್ತ್ರಿಯ ತೋಳು ಹಿಡಿದೆಳೆದರು. ಮೇಸ್ತ್ರಿ ತೋಳು ಕೊಡವಿಕೊಂಡ. "ಶುರು ಆಯ್ತು ನೋಡಿ! ಸಾಹೇಬ್ರೇ, ಷರತ್ತು ನೆನಪಿದೆ ತಾನೇ? ಅನುಮಾನ ಇಲ್ಲ." ಬಡಗಿಯ ಮುಂದೆ ಕೈಯಾಡಿಸಿದರು. ಬಡಗಿ ಬೆನ್ನು ತಿರುಗಿಸಿದ. ಸೊಸೆ ದೀಪ ತರಲು ಅಂಗಡಿಗೆ ಹೋಗಿದ್ದಳು. ಸಾಹೇಬರು ಒಂದು ಕ್ಷಣ ನಿಂತು, ಇದ್ದಕ್ಕಿದ್ದಂತೆ ಗೇಟು ದಾಟಿ ಓಡಿದರು.

ಅರ್ಧ ಗಂಟೆಯೊಳಗೆ ಆಸ್ಪತ್ರೆಯ ಗಾಲಿಕುರ್ಚಿ ತಳ್ಳಿಕೊಂಡು ಬೀದಿಯಲ್ಲಿ ಬಂದರು. "ಕಾಲೂ ಹೋಯ್ತಾ?" ಎಂದು ಎದುರು ಮನೆಯಾಕೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅವರು ಯಾರನ್ನೂ ನೋಡದೆ ಕೋಣೆಯೊಳಗೆ ಬಂದು, ಕುರ್ಚಿಯಲ್ಲಿ ತಾವೇ ಕೂತು, ಎರಡೂ ಕೈಯಿಂದ ಗಾಲಿ ತಿರುವಿ, ನಮ್ಮೆಲ್ಲರ ಕಣ್ಣೆದುರಿಗೇ ಬಚ್ಚಲ ಬಾಗಿಲಿಗೆ ನುಗ್ಗಿದರು. ಧಡ್ ಎಂದು ಕುರ್ಚಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತು. ಸಾಹೇಬರ ಬೆರಳುಗಳೂ ಸಿಕ್ಕಿಕೊಂಡವು.

"ಅಯ್ಯಯ್ಯೋ ಸತ್ತೇ!"

"ಮಾತಾಡಿದ್ರು!" ಎಂದ ಕರೆಂಟಿನವನು.

ಮುಂದಕ್ಕೂ ಹೋಗಲಾರರು, ಹಿಂದಕ್ಕೂ ಬರಲಾರರು. ನಾಲ್ವರೂ ಹಿಡಿದೆಳೆದು ಬಿಡಿಸುವಷ್ಟರಲ್ಲಿ ಎಲ್ಲರಿಗೂ ವಿಷಯ ಅರ್ಥವಾಗಿತ್ತು. ಬಡಗಿ ಮುಖ ಕಪ್ಪಿಟ್ಟುಕೊಂಡು ಕೂತ. "ಎಲ್ಲರ ಬಚ್ಚಲಿಗೂ ಇದೇ ಅಳತೆ ಇಡೋದು. ಕೂರಿಸುವಾಗ ನನಗೂ ಒಂದ್ಸಲ ಅನ್ನಿಸ್ತು. ಅನುಮಾನ ಎತ್ಬಾರ್ದು ಅಂತ ನಾವೇ ಹೇಳಿದ್ವಲ್ಲ, ಅದಕ್ಕೆ ಸುಮ್ಮನಾದೆ."

"ನನಗೂ ಅನ್ನಿಸಿತ್ತು," ಎಂದ ಪ್ಲಂಬರು.

"ನನಗೂ," ಎಂದ ಮೇಸ್ತ್ರಿ. "ಇವರಂತಾಗೋದು ಬೇಡ ಅಂತ ಬಾಯಿ ಮುಚ್ಕೊಂಡೆ."

ಹೀಗೆ ಸುತ್ತಿ ಬಳಸಿ ತಪ್ಪು ಮತ್ತೆ ಸಾಹೇಬರ ಹತ್ತಿರವೇ ಬಂದು ನಿಂತಿತು. ಅವರು ಊದಿದ ಬೆರಳು ಬಾಯಲ್ಲಿಟ್ಟುಕೊಂಡು, "ನನ್ನನ್ನ ಆಮೇಲೆ ಬೈಯಿರಿ," ಎಂದರು. "ಎಷ್ಟು ಬೇಕಾದ್ರೂ ಬೈಯಿರಿ. ಈಗ ಇದಕ್ಕೊಂದು ದಾರಿ ಮಾಡ್ರಪ್ಪಾ, ಕೈ ಮುಗಿತೀನಿ."

ದೀಪ ಹಿಡಿದು ಬಂದ ಸೊಸೆ ಏನೂ ಕೇಳದೆ ಗೋಡೆಯ ಹತ್ತಿರ ಹೋಗಿ ನಿಂತಳು. "ನಾಳೆ ಬೆಳಿಗ್ಗೆ ಅಕ್ಕ ಒಳಗೆ. ಅದಕ್ಕೆ ಹಿಂದೆ ಏನು?" ಒಬ್ಬೊಬ್ಬರೂ ಹೇಳುತ್ತಾ ಹೋದರು. ಚೌಕಟ್ಟು ಕೀಳುತ್ತೇನೆ, ಎಂದ ಬಡಗಿ. ನಾನು ಗೋಡೆ ಕತ್ತರಿಸುತ್ತೇನೆ, ಅದಕ್ಕೆ ಮುಂಚೆ ಅಲ್ಲಿನ ತಂತಿ ತೆಗೆದುಕೊಡಿ, ಎಂದ ಮೇಸ್ತ್ರಿ. ತಂತಿ ಈಗಲೇ ತೆಗೆದೆ, ಎಂದ ಕರೆಂಟಿನವನು. ಪೈಪು ಒಂದು ಗೇಣು ಪಕ್ಕಕ್ಕೆ, ಎಂದ ಪ್ಲಂಬರು. ಇಟ್ಟಿಗೆ ಚೂರು ಹೊರಲು ಜನ ಬೇಕು ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ಹೊತ್ತೆ. ನನ್ನ ಹೆಂಡತಿಯೂ ಹೊತ್ತಳು. ಒಗೆದ ಬಟ್ಟೆಯ ಗತಿ ಏನಾಯಿತೆಂದು ಕೇಳಬೇಡಿ.

ಶನಿವಾರ ಬೆಳಿಗ್ಗೆ ಆಂಬುಲೆನ್ಸ್ ಬಂದು ಗೇಟಿನಲ್ಲಿ ನಿಂತಾಗ ಮೇಸ್ತ್ರಿ ಕೊನೆಯ ಬಾಂಡಲಿ ತೊಳೆಯುತ್ತಿದ್ದ. ನರ್ಸಮ್ಮ ಕೊಡೆ ಹಿಡಿದು ಒಳಗೆ ಹೋದರು. ನಾನು ಗಾಡಿಯ ಹತ್ತಿರ ಹೋದೆ. ಅಕ್ಕ ಒಂದು ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದರು.

"ಬನ್ನಿ ಅಕ್ಕಾ, ಮನೆ ಬಂತು."

"ನೀನ್ಯಾರಪ್ಪ ಹೇಳೋಕೆ?" ಎಂದರು ಅವರು. "ಅಲ್ಲಿಗೆ ಕರ್ಕೊಂಡ್ ಹೋಗೋಕೆ ಮುಂಚೆ ಹೀಗೇ ಮನೆ ಮುಂದೆ ಒಂದ್ಸಲ ನಿಲ್ಲಿಸಿ ಸಮಾಧಾನ ಮಾಡ್ತಾರಂತೆ. ಪಕ್ಕದ ಬೆಡ್ಡಿನೋಳು ಎಲ್ಲಾ ಹೇಳಿದ್ದಾಳೆ ನನಗೆ. ಡ್ರೈವರ್ ಇಂಜಿನ್ ಯಾಕೆ ಆರಿಸಿಲ್ಲ?"

ತಕ್ಕಡಿ ಸಾಹೇಬರು ಯಾರ ಕೈಯಲ್ಲಿ ಬೆಳೆದವರು ಎಂಬುದು ನನಗೆ ಆಗ ಅರ್ಥವಾಯಿತು. ನರ್ಸಮ್ಮ ಹೊರಗೆ ಬಂದು ತಲೆಯಾಡಿಸಿದರು. ಡ್ರೈವರ್ ಇಂಜಿನ್ ಆರಿಸಿದ. ಸಾಹೇಬರು ತಾವೇ ಅಕ್ಕನನ್ನು ಇಳಿಸಿ, ಗಾಲಿಕುರ್ಚಿಯಲ್ಲಿ ಕೂರಿಸಿ, ಒಳಗೆ ತಳ್ಳಿಕೊಂಡು ಹೋದರು. ಅಕ್ಕ ಸ್ವಿಚ್ಚು ಒತ್ತಿ ನೋಡಿದರು, ಗೋಡೆ ತಟ್ಟಿ ನೋಡಿದರು, ಹಾಸಿಗೆ ಒತ್ತಿ ನೋಡಿದರು. ಚೀಲವನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಕುರ್ಚಿ ಬಚ್ಚಲ ಬಾಗಿಲನ್ನು ಎಲ್ಲೂ ತಾಗದೆ ದಾಟಿತು. ಅಲ್ಲಿ ಬಾಗಿಲೂ ಇರಲಿಲ್ಲ, ಒಂದು ಪರದೆ ಮಾತ್ರ. ಪಕ್ಕದ ಗೋಡೆಯಲ್ಲಿ ಬರಿಯ ಇಟ್ಟಿಗೆ ಕಾಣುತ್ತಿತ್ತು.

"ಇದೇನಿದು, ಅರ್ಧಕ್ಕೆ ಬಿಟ್ಟಿದ್ದೀರಿ?"

"ಸೋಮವಾರ ಬಂದು ಮುಗಿಸ್ತೀವಮ್ಮ," ಎಂದ ಮೇಸ್ತ್ರಿ. ಹಿಂದೆ ಮೂವರೂ ತಲೆಯಾಡಿಸಿದರು.

"ಸೋಮವಾರ ಅಂದ ಮೇಸ್ತ್ರಿ ಸೋಮವಾರ ಬಂದದ್ದನ್ನ ನಾನು ಕಂಡಿಲ್ಲ," ಎಂದರು ಅಕ್ಕ. "ಅಷ್ಟರೊಳಗೆ ನನ್ನ ಇಲ್ಲಿಂದ ಸಾಗಿಸೋ ಯೋಚನೆ ಇರ್ಬೇಕು."

ನಾವೆಲ್ಲ ಸಾಹೇಬರ ಮುಖ ನೋಡಿದೆವು. ಅವರು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು, ಪಟ್ಟಿ ಸುತ್ತಿದ ಬೆರಳುಗಳಿಂದ ಅವರ ಮೊಣಕಾಲು ಹಿಡಿದುಕೊಂಡರು.

"ಬರ್ತಾರೆ ಅಕ್ಕಾ. ಇವರು ಬರ್ತೀನಿ ಅಂದ್ರೆ ಬರ್ತಾರೆ. ನನಗೆ ನಂಬಿಕೆ ಇದೆ. ನೀನು ಇನ್ನು ಎಲ್ಲಿಗೂ ಹೋಗಲ್ಲ."

ಅಕ್ಕ ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಾದಿನಿಯ ಕಡೆ ತಿರುಗಿ, "ಇವನು ಯಾವಾಗಿಂದ ಹೀಗಾದ?" ಎಂದರು.

"ಈ ವಾರದಿಂದ ಅತ್ತಿಗೆ," ಎಂದರು ಸಾಹೇಬರ ಹೆಂಡತಿ.

ಅಕ್ಕನ ಕಣ್ಣು ತುಂಬಿ ಬಂತು. ಎದೆಗವಚಿಕೊಂಡಿದ್ದ ಚೀಲವನ್ನು ನಿಧಾನವಾಗಿ ಬಿಡಿಸಿ ತಮ್ಮನ ಮಡಿಲಿಗೆ ಹಾಕಿದರು.

"ತಗೋ, ಬಟ್ಟೆ ತೆಗೆದು ಕಪಾಟಿಗೆ ಜೋಡಿಸು," ಎಂದರು. "ಎಣಿಸೋದೇನೂ ಬೇಡ."